ಫ್ಯಾನ್ ತಿರುಗದಿದ್ದರೆ ಮೋಟರನ್ನೇ ಏಕೆ ದೂರಬೇಕು?

ವಾಹನ ವಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಸೊಲ್ಲಾಪುರದ ಹೆದ್ದಾರಿಯಲ್ಲಿ ಎಷ್ಟು ದೂರ ಓಡಿಸಿದರೂ ತೊಂದರೆಯಿಲ್ಲ. ಊರೊಳಗೆ ಬಂದು ಗಾಂಧಿ ಚೌಕದ ಸುತ್ತಮುತ್ತ ನಿಂತು ನಿಂತು ಸಾಗುವಾಗ, ಇಲ್ಲವೇ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಅದೇ ಹೊತ್ತಿಗೆ ಎ.ಸಿ.ಯಿಂದಲೂ ಬಿಸಿಗಾಳಿ ಬರತೊಡಗುತ್ತದೆ. ಒಬ್ಬ ಮಿಸ್ತ್ರಿ ರೇಡಿಯೇಟರ್ ಫ್ಯಾನಿನ ಮೋಟರ್ ಹೋಗಿದೆ ಎಂದರು. ಇನ್ನೊಬ್ಬರು ರೇಡಿಯೇಟರನ್ನೇ ಬದಲಿಸಿ ಎಂದರು. ಮೂರನೆಯವರು ಸ್ವಿಚ್ ಹಾಕಿ ಫ್ಯಾನಿಗೆ ಡೈರೆಕ್ಟ್ ಕೊಟ್ಟುಬಿಡೋಣ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
ಓದುಗರು, ವಿಜಯಪುರ

ಉತ್ತರ: ತಾವು ಬರೆದಿರುವ ಲಕ್ಷಣಗಳು ಮೊದಲನೆಯವರ ಮಾತನ್ನು ಅರ್ಧದಷ್ಟು ಮಾತ್ರ ಎತ್ತಿಹಿಡಿಯುತ್ತವೆ. ದೋಷವು ಫ್ಯಾನಿನ ವ್ಯವಸ್ಥೆಯಲ್ಲಿ ಇರುವುದು ಬಹುಮಟ್ಟಿಗೆ ನಿಜ. ಆದರೆ ಅದು ಮೋಟರಿನಲ್ಲಿಯೇ ಇದೆ ಎನ್ನಲು ಈವರೆಗೆ ಯಾರೂ ಏನನ್ನೂ ಅಳೆದು ನೋಡಿದಂತೆ ಕಾಣುವುದಿಲ್ಲ.

ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಎದುರಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ನಿಂತಾಗ ಅಥವಾ ತೆವಳುವ ಸಂಚಾರದಲ್ಲಿ ಗಾಳಿಯನ್ನು ಎಳೆಯುವ ಹೊಣೆ ಸಂಪೂರ್ಣವಾಗಿ ಫ್ಯಾನಿನದು. ಎ.ಸಿ.ಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕುಳಿತು ಅದೇ ಗಾಳಿಯನ್ನು ಅವಲಂಬಿಸಿರುವುದರಿಂದ, ನಿಂತಾಗ ಎ.ಸಿ. ಬಿಸಿಯಾಗಿ ಓಡುವಾಗ ಮತ್ತೆ ತಂಪಾಗುವುದು ಫ್ಯಾನಿನ ವಿರುದ್ಧ ಸಿಗುವ ಎರಡನೆಯ ಸಾಕ್ಷ್ಯ. ರೇಡಿಯೇಟರ್ ಒಳಗಿನಿಂದ ಕಟ್ಟಿಕೊಂಡಿದ್ದರೆ ತೊಂದರೆಯು ಹೆದ್ದಾರಿಯ ವೇಗದಲ್ಲಿ, ಏರಿನಲ್ಲಿ, ಎಂಜಿನ್ ಹೆಚ್ಚು ದುಡಿಯುವಾಗ ಮೊದಲು ಕಾಣಬೇಕಿತ್ತು. ಆದ್ದರಿಂದ ಎರಡನೆಯವರ ಸಲಹೆಯನ್ನು ಸದ್ಯಕ್ಕೆ ಬದಿಗಿಡಬಹುದು. ಆದರೆ ಕೂಲಂಟ್ ಕಡಿಮೆಯಾಗಿದ್ದರೆ ಯಾವ ಲಕ್ಷಣವನ್ನೂ ನಂಬುವಂತಿಲ್ಲ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನಲ್ಲಿಯೂ ರಿಸರ್ವ್ ಡಬ್ಬಿಯಲ್ಲಿಯೂ ಮಟ್ಟವನ್ನು ನೋಡಿಕೊಂಡೇ ಮುಂದುವರಿಯಿರಿ.

ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲೇಬೇಡಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮುಚ್ಚಳವು ಒಳಗಿನ ಒತ್ತಡವನ್ನು ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಸಿ ಹಿಡಿದಿರುವುದರಿಂದ ಮಾತ್ರ ಒಳಗಿನ ದ್ರವವು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಅನೇಕ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಲ್ಲದು ಎಂಬುದನ್ನೂ ಮರೆಯಬಾರದು. ರೆಕ್ಕೆಗಳ ಬಳಿ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿರಿ, ಹೆಗಲ ಮೇಲಿನ ಟವೆಲನ್ನು ತೆಗೆದಿಡಿ.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿರಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಫ್ಯಾನ್ ತಿರುಗಬೇಕು. ಎ.ಸಿ.ಗೆ ತಿರುಗಿ ಎಂಜಿನ್ನಿನ ಬಿಸಿಗೆ ಮಾತ್ರ ತಿರುಗದಿದ್ದರೆ ಮೋಟರ್ ಬದುಕಿದೆ ಎಂದಾಯಿತು. ಬಿಸಿಯ ಸುದ್ದಿಯನ್ನು ತಲುಪಿಸುವ ಸೆನ್ಸರಿನ ಕಡೆಗೆ ಸಂಶಯ ಹೊರಳಬೇಕು. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಆಜ್ಞೆಯಿಂದ ಫ್ಯಾನಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು), ತಂತಿ, ಮೋಟರ್ ಎಲ್ಲವೂ ಪಟ್ಟಿಯಲ್ಲಿ ಉಳಿಯುತ್ತವೆ. ತಮ್ಮ ಕಾರಿನಲ್ಲಿ ಎರಡು ಫ್ಯಾನುಗಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಗಮನಿಸಿರಿ, ಏಕೆಂದರೆ ಅವುಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಫ್ಯೂಸು, ಪ್ರತ್ಯೇಕ ರಿಲೇ ಇರುತ್ತವೆ. ಒಂದು ತಿರುಗುತ್ತಿದೆ ಎಂದು ಬಾನೆಟ್ ಮುಚ್ಚಿಬಿಡುವವರು ಗ್ಯಾರೇಜುಗಳಲ್ಲಿಯೂ ಇದ್ದಾರೆ.

ಎರಡನೆಯ ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಅದು ಒಂದೇ ಏಟಿಗೆ ಅರ್ಧ ಪಟ್ಟಿಯನ್ನು ಅಳಿಸಿಹಾಕುತ್ತದೆ. ಎಂಜಿನ್ನಿನ ಮೇಲಿರುವ ಕೂಲಂಟ್ ಟೆಂಪರೇಚರ್ ಸೆನ್ಸರಿನ ಕಪ್ಲರನ್ನು (ತಂತಿ ಜೋಡಿಸುವ ಪ್ಲಗ್ಗನ್ನು), ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ, ಕಳಚಿರಿ. ಸೆನ್ಸರಿನಿಂದ ಸುದ್ದಿ ನಿಂತುಹೋದರೆ ಎಂಜಿನ್ ಕೆಟ್ಟೀತೆಂಬ ಎಚ್ಚರಿಕೆಯಿಂದ ಹೆಚ್ಚಿನ ಕಾರುಗಳ ಇ.ಸಿ.ಯು. (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುತ್ತದೆ. ಫ್ಯಾನ್ ತಿರುಗಿತೆಂದರೆ ಫ್ಯೂಸು, ರಿಲೇ, ತಂತಿ, ಮೋಟರ್ ನಾಲ್ಕೂ ಕೆಲಸ ಮಾಡುತ್ತಿವೆ. ಹೊಸ ಮೋಟರಿಗಾಗಿ ತೆಗೆದಿಟ್ಟ ಹಣ ಜೇಬಿನಲ್ಲಿಯೇ ಇರಲಿ. ಇದರಿಂದ ಚೆಕ್ ಎಂಜಿನ್ ದೀಪ ಹತ್ತಿಕೊಳ್ಳಬಹುದು. ಇ.ಸಿ.ಯು.ವಿನಲ್ಲಿರುವ ಮಾಹಿತಿಯನ್ನು ಓದುವ ಸ್ಕ್ಯಾನರಿನಲ್ಲಿ ಅದನ್ನು ಅಳಿಸಬಹುದಾದ್ದರಿಂದ ಗಾಬರಿ ಬೇಡ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಸೆನ್ಸರಿನ ಬದಲು ರೇಡಿಯೇಟರಿಗೇ ಕೂಡಿಸಿದ ಥರ್ಮೋಸ್ವಿಚ್ ಇರುತ್ತಿತ್ತು. ಅಲ್ಲಿ ಕಪ್ಲರ್ ಕಳಚಿದರೆ ಏನೂ ಆಗುವುದಿಲ್ಲ. ಅದರ ಎರಡು ತಂತಿಗಳನ್ನು ತುಣುಕು ತಂತಿಯಿಂದ ಜೋಡಿಸಿ ನೋಡಬೇಕು.

ಸೆನ್ಸರನ್ನೇ ಪರೀಕ್ಷಿಸಬೇಕಾದರೆ ಮಲ್ಟಿಮೀಟರ್ ಸಾಕು. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯಬೇಕು: ಹಲವು ಕಾರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್ ಇರುವುದು 80 ಡಿಗ್ರಿಗೆ ಬರುವಷ್ಟರಲ್ಲಿ 300 ಓಮ್ ಆಸುಪಾಸಿಗೆ ಬಂದಿರುತ್ತದೆ. ಇದಕ್ಕಿಂತ ಸುಲಭವಾದದ್ದು ಸ್ಕ್ಯಾನರ್. ಇ.ಸಿ.ಯು. ಎಷ್ಟು ಡಿಗ್ರಿ ಎಂದು ತಿಳಿದುಕೊಂಡಿದೆ ಎಂಬುದನ್ನು ಅದು ನೇರವಾಗಿ ತೋರಿಸುತ್ತದೆ, ಮತ್ತು ಮೊಬೈಲಿಗೆ ಬ್ಲೂಟೂತ್‌ನಿಂದ ಜೋಡಿಸುವ ಚಿಕ್ಕ ಓ.ಬಿ.ಡಿ. ಸಾಧನವೂ ಈ ಕೆಲಸಕ್ಕೆ ಆಗುತ್ತದೆ. ಮೀಟರಿನ ಮುಳ್ಳನ್ನು ನಂಬಿ ಕೂರಬಾರದು. ಇಂದಿನ ಅನೇಕ ಕಾರುಗಳಲ್ಲಿ ಅದು ಸಣ್ಣಪುಟ್ಟ ಏರಿಳಿತಗಳನ್ನು ತೋರಿಸದೆ ಮಧ್ಯದಲ್ಲಿಯೇ ನಿಲ್ಲುವಂತೆ ಮಾಡಿರುತ್ತಾರೆ, ಆದ್ದರಿಂದ ಮುಳ್ಳು ಅಲುಗಿತೆಂದರೆ ಆಗಲೇ ತಡವಾಗಿದೆ. ಸ್ಕ್ಯಾನರಿನಲ್ಲಿ 95ರಿಂದ 100 ಡಿಗ್ರಿಯ ನಡುವೆ ಎಲ್ಲೋ ಫ್ಯಾನ್ ಶುರುವಾಗಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುವುದು ಸಾಮಾನ್ಯ ನಡೆ. ನಿಖರ ಅಂಕಿ ಕಾರಿನಿಂದ ಕಾರಿಗೆ ಬದಲಾಗುತ್ತದೆ. ಪಿ 0480 ಎಂಬ ಕೋಡ್ ಸಿಕ್ಕರೆ ಅದು ಮೊದಲನೆಯ ಫ್ಯಾನಿನ ನಿಯಂತ್ರಣದ ಸರ್ಕ್ಯೂಟಿನಲ್ಲಿ ದೋಷವಿದೆ ಎನ್ನುತ್ತದೆಯೇ ಹೊರತು ಮೋಟರ್ ಸುಟ್ಟಿದೆ ಎನ್ನುವುದಿಲ್ಲ. ಪಿ 0117, ಪಿ 0118 ಎಂಬವು ಸೆನ್ಸರಿನ ಸರ್ಕ್ಯೂಟಿಗೆ ಸಂಬಂಧಿಸಿದವು.

ಕಪ್ಲರ್ ಕಳಚಿದರೂ ಫ್ಯಾನ್ ಅಲುಗದಿದ್ದರೆ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸನ್ನು ತೆರೆಯಿರಿ. ಮುಚ್ಚಳದ ಒಳಮಗ್ಗುಲಿನಲ್ಲಿಯೇ ನಕ್ಷೆ ಇರುತ್ತದೆ. ಫ್ಯಾನಿನ ಫ್ಯೂಸು ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನದು. ಅದು ಹೋಗಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿರಿ. ಅದೂ ಹಾರಿದರೆ ಮೋಟರ್ ಬಿಗಿದುಕೊಂಡಿರುವ ಅಥವಾ ತಂತಿ ಎಲ್ಲೋ ಕಾರಿನ ಲೋಹದ ಮೈಗೆ ತಗಲುತ್ತಿರುವ ಲಕ್ಷಣ. ಬ್ಯಾಟರಿ ಬಿಚ್ಚಿ ರೆಕ್ಕೆಯನ್ನು ಕೈಯಿಂದ ತಿರುಗಿಸಿದಾಗ ಅದು ಸರಾಗವಾಗಿ ತಿರುಗದೆ ಕಿರಗುಟ್ಟಿದರೆ ಆಗ ಮೋಟರನ್ನು ದೂರಲು ಒಂದು ಕಾರಣ ಸಿಕ್ಕಿತು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತುವ ಜಾಣತನವನ್ನು ಮಾಡಿದರೆ, ಮುಂದೆ ಸುಡುವುದು ಫ್ಯೂಸಲ್ಲ, ಇಡೀ ವೈರಿಂಗ್.

ರಿಲೇಯನ್ನು ಪರೀಕ್ಷಿಸಲು ಅದೇ ಬಾಕ್ಸಿನಲ್ಲಿರುವ, ಅದೇ ನಂಬರಿನ ಹಾರ್ನ್ ರಿಲೇಯನ್ನು ಕಿತ್ತು ಫ್ಯಾನಿನ ರಿಲೇಯ ಜಾಗದಲ್ಲಿ ಕೂಡಿಸಿದರೆ ಸಾಕು. ‘ಟಿಕ್’ ಎಂಬ ಸದ್ದು ಕೇಳಿತು, ಆದ್ದರಿಂದ ರಿಲೇ ಚೆನ್ನಾಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಆ ಸದ್ದು ಒಳಗಿನ ಸುರುಳಿ ಎಳೆಯುತ್ತಿದೆ ಎಂದಷ್ಟೇ ಹೇಳುತ್ತದೆ, ಸುಟ್ಟು ಕಪ್ಪಾದ ಕಾಂಟ್ಯಾಕ್ಟುಗಳು ಸದ್ದು ಮಾಡಿಯೂ ಕರೆಂಟ್ ದಾಟಿಸದೆ ಇರಬಹುದು. ರಿಲೇ ಕಿತ್ತ ಸಾಕೆಟ್ಟಿನಲ್ಲಿ 30 ಮತ್ತು 87 ಎಂಬ ಎರಡು ಕಿಂಡಿಗಳನ್ನು ಫ್ಯೂಸಿರುವ ದಪ್ಪ ತಂತಿಯಿಂದ ಜೋಡಿಸಿದಾಗ ಫ್ಯಾನ್ ಓಡಿದರೆ, ಅಲ್ಲಿಂದ ಮುಂದಿನ ದಾರಿ ಸರಿಯಿದೆ. ದೋಷವು ರಿಲೇಯಲ್ಲಿ ಅಥವಾ ಅದಕ್ಕೆ ಆಜ್ಞೆ ನೀಡುವ ಕಡೆಯಲ್ಲಿದೆ. ಕೆಲವು ರಿಲೇಗಳಲ್ಲಿ ಅಂಕಿಗಳು ಬೇರೆಯಾಗಿರುವುದರಿಂದ ಅದರ ಮೈಮೇಲೆ ಮುದ್ರಿಸಿರುವ ನಕ್ಷೆಯನ್ನು ನೋಡದೆ ಜೋಡಿಸಬಾರದು.

ಇಷ್ಟಾದರೂ ಫ್ಯಾನ್ ತಿರುಗದಿದ್ದರೆ ಅಥವಾ ನಿಧಾನವಾಗಿ ತಿರುಗುತ್ತಿದ್ದರೆ ಮೋಟರಿನ ಕಪ್ಲರಿನ ಬಳಿ ಬರಬೇಕು. ಬಹಳಷ್ಟು ಒಳ್ಳೆಯ ಮೋಟರುಗಳು ಗುಜರಿ ಸೇರುವುದು ಇಲ್ಲಿಯೇ. ವಾಡಿಕೆಯ ಕ್ರಮವೆಂದರೆ ಕಪ್ಲರ್ ಕಳಚಿ, ತಂತಿಯ ಕಡೆಯ ತುದಿಗೆ ಮೀಟರ್ ಹಿಡಿದು, 12 ವೋಲ್ಟ್ ಬಂತೆಂದರೆ ‘ಕರೆಂಟ್ ಬರುತ್ತಿದೆ, ಮೋಟರ್ ಸತ್ತಿದೆ’ ಎಂದು ತೀರ್ಪು ಕೊಡುವುದು. ಮಲ್ಟಿಮೀಟರ್ ತಾನು ಅಳೆಯುವಾಗ ಕರೆಂಟನ್ನು ಎಳೆಯುವುದಿಲ್ಲವೆನ್ನುವಷ್ಟು ಕಡಿಮೆ ಎಳೆಯುವುದರಿಂದ, ತುಕ್ಕು ಹಿಡಿದು ಒಂದೆರಡು ಎಳೆಗಳಷ್ಟೇ ಉಳಿದ ತಂತಿಯ ತುದಿಯಲ್ಲಿಯೂ ಪೂರ್ಣ 12 ವೋಲ್ಟ್ ತೋರಿಸುತ್ತದೆ. ಕಸ ಕಟ್ಟಿಕೊಂಡ ಪೈಪಿನ ತುದಿಯ ನಲ್ಲಿ ಮುಚ್ಚಿರುವಾಗ ಒತ್ತಡವೆಲ್ಲ ಸರಿಯಾಗಿಯೇ ಇದ್ದು, ತಿರುವಿದೊಡನೆ ಹನಿ ಹನಿ ಬೀಳುವಂತೆಯೇ ಇದೂ. ಆದ್ದರಿಂದ ಕಪ್ಲರ್ ಜೋಡಿಸಿಯೇ ಇರುವಾಗ, ಫ್ಯಾನಿಗೆ ಆಜ್ಞೆ ಹೋಗಿರುವಾಗ, ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ ಅಳೆಯಬೇಕು. ಬ್ಯಾಟರಿಯ ಮೇಲೆ 12.6 ವೋಲ್ಟ್ ಇದ್ದು ಮೋಟರಿನ ಎರಡು ತುದಿಗಳ ನಡುವೆ 9 ವೋಲ್ಟ್ ಮಾತ್ರ ಸಿಕ್ಕರೆ ಉಳಿದದ್ದು ದಾರಿಯಲ್ಲಿ ಸೋರಿಹೋಗಿದೆ. ಅದು ಎಲ್ಲಿ ಎಂದು ಹುಡುಕುವುದೂ ಕಷ್ಟವಲ್ಲ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೋಟರಿನ ನೆಗೆಟಿವ್‌ಗೆ ಹಿಡಿಯಿರಿ, ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಡೆಯಲ್ಲಿಯೂ ಬ್ಯಾಟರಿಯಿಂದ ಮೋಟರಿನವರೆಗೆ ಅಳೆಯಿರಿ. ಅರ್ಥ್ ತಂತಿ ಕಾರಿನ ಮೈಗೆ ಬೋಲ್ಟಾಗಿರುವ ಜಾಗವನ್ನು ಬಿಚ್ಚಿ, ಪಾಲಿಶ್ ಕಾಗದದಿಂದ ಉಜ್ಜಿ, ಮತ್ತೆ ಬಿಗಿದ ಮಾತ್ರಕ್ಕೆ ‘ಸತ್ತ’ ಮೋಟರ್ ಎದ್ದು ಕೂರುವುದು ಅಪರೂಪವೇನಲ್ಲ. ಕಪ್ಲರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿದಂತಿದ್ದರೆ ದೋಷ ಅಲ್ಲಿಯೇ ಇದೆ, ಅಳೆಯುವ ಶ್ರಮವೂ ಬೇಡ.

ಮೋಟರಿಗೆ ಸರಿಯಾದ ವೋಲ್ಟ್ ತಲುಪುತ್ತಿದೆ, ಆದರೂ ಅದು ತಿರುಗುವುದಿಲ್ಲ ಎಂದಾಗ ಮಾತ್ರ ಮೋಟರ್ ತಪ್ಪಿತಸ್ಥ. ಖಚಿತಪಡಿಸಿಕೊಳ್ಳಲು ಫ್ಯೂಸಿರುವ ಎರಡು ತಂತಿಗಳಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಮೋಟರಿಗೆ ಕೊಟ್ಟು ನೋಡಿರಿ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿದಾಗ ತಿರುಗಲು ಶುರುವಾದರೆ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಸವೆದಿದೆ. ಇಂದು ತಿರುಗಿದರೂ ನಾಳೆ ಸಂತೆಯ ನಡುವೆ ನಿಲ್ಲುತ್ತದೆ. ಹೊಸ ಮೋಟರ್ ಹಾಕಿಸಿದ ಮೇಲೆ ಒಂದು ಹಾಳೆಯನ್ನು ಮುಂದಿನ ಗ್ರಿಲ್‌ಗೆ ಹಿಡಿದು ನೋಡಲು ಮರೆಯಬೇಡಿ. ಫ್ಯಾನ್ ಎಂಜಿನ್ ಕಡೆಯಲ್ಲಿ ಕುಳಿತಿರುವ ಕಾರುಗಳಲ್ಲಿ ಅದು ಗಾಳಿಯನ್ನು ಒಳಕ್ಕೆ ಎಳೆದು ಹಾಳೆಯನ್ನು ಅಂಟಿಸಿಕೊಳ್ಳಬೇಕು. ತಂತಿಗಳು ಅದಲುಬದಲಾಗಿದ್ದರೆ ಫ್ಯಾನ್ ಉಲ್ಟಾ ತಿರುಗಿ, ಗಾಳಿಯನ್ನು ಹೊರಕ್ಕೆ ದಬ್ಬುತ್ತದೆ. ಸದ್ದು ಬರುತ್ತದೆ, ತಂಪು ಬರುವುದಿಲ್ಲ.

ಎರಡು ವೇಗದ ಫ್ಯಾನಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಕಡಿಮೆ ವೇಗಕ್ಕಾಗಿ ಇಟ್ಟಿರುವ ರೆಸಿಸ್ಟರ್ ಸುಟ್ಟರೆ ಫ್ಯಾನ್ ಮೊದಲ ಹಂತದಲ್ಲಿ ಸುಮ್ಮನಿದ್ದು, ಬಿಸಿ ಮಿತಿಮೀರಿದ ಮೇಲೆ ಒಮ್ಮೆಲೇ ಭೋರೆಂದು ಶುರುವಾಗುತ್ತದೆ.

ಇನ್ನು ಡೈರೆಕ್ಟ್ ಸ್ವಿಚ್ಚಿನ ಮಾತು. ಮನೆ ಮುಟ್ಟುವವರೆಗಿನ ಆಪತ್ಕಾಲದ ಉಪಾಯವಾಗಿ ಅದನ್ನು ನಾನು ಒಪ್ಪುತ್ತೇನೆ, ಶಾಶ್ವತ ರಿಪೇರಿ ಎಂದು ಒಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚು ಫ್ಯಾನಿನ ಕರೆಂಟನ್ನು ತಾಳುವಂಥದ್ದಲ್ಲ; ರಿಲೇಯಾಗಲಿ ಫ್ಯೂಸಾಗಲಿ ಇಲ್ಲದೆ ಎಳೆದ ತಂತಿ ಬಿಸಿಯಾಗಿ ಕಾರಿಗೇ ಬೆಂಕಿ ತಗಲಬಹುದು. ಸ್ವಿಚ್ ಹಾಕುವುದನ್ನು ಚಾಲಕ ಮರೆತ ದಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಹಾಕಿರುವ ಪದರ) ಹೋಗುತ್ತದೆ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವ ಸಲಹೆಯೂ ಇದೇ ಜಾತಿಯದು. ಎಂಜಿನ್ ತನ್ನ ಸರಿಯಾದ ಬಿಸಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಫ್ಯಾನಿನ ದೋಷವಂತೂ ಇದ್ದಲ್ಲಿಯೇ ಇರುತ್ತದೆ. ಪರೀಕ್ಷೆ ಮುಗಿಯುವವರೆಗೆ ಸಂಚಾರದಲ್ಲಿ ಮುಳ್ಳು ಏರಿದರೆ ಎ.ಸಿ. ಆರಿಸಿ, ಕಿಟಕಿ ತೆರೆದು, ಹೀಟರನ್ನು ಪೂರ್ತಿ ಬಿಸಿಗೆ ಹಾಕಿ ಬ್ಲೋವರ್ ಜೋರು ಮಾಡಿರಿ. ವಿಜಯಪುರದ ಮೇ ತಿಂಗಳಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಎಂಜಿನ್ನಿನ ಬಿಸಿಯ ಒಂದು ಪಾಲು ಆ ದಾರಿಯಿಂದ ಹೊರಗೆ ಹೋಗುತ್ತದೆ. ಕೆಂಪು ದೀಪ ಹತ್ತಿದರೆ ನಿಲ್ಲಿಸಿ ಎಂಜಿನ್ ಆರಿಸುವುದೊಂದೇ ದಾರಿ.

ಪ್ರಶ್ನೆ: ನಮ್ಮ ಕಾರಿನ ಫ್ಯಾನ್ ನಿಲ್ಲುವುದೇ ಇಲ್ಲ. ಮಳೆಗಾಲದ ತಣ್ಣನೆಯ ಬೆಳಿಗ್ಗೆ ಕೀಲಿ ತಿರುವಿದ ತಕ್ಷಣವೇ ಪೂರ್ಣ ವೇಗದಲ್ಲಿ ಶುರುವಾಗುತ್ತದೆ. ಬಿಸಿಯಂತೂ ಆಗುತ್ತಿಲ್ಲ. ಹೀಗೆಯೇ ಬಿಡಬಹುದೇ?
ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಬಿಡಬಾರದು. ಮೇಲಿನ ಉತ್ತರದಲ್ಲಿ ಪರೀಕ್ಷೆಗೆಂದು ಕಪ್ಲರ್ ಕಳಚಿದಾಗ ಏನಾಗುತ್ತದೆ ಎಂದು ಹೇಳಿದೆನೋ ಅದೇ ತಮ್ಮ ಕಾರಿನಲ್ಲಿ ತಾನಾಗಿ ಆಗಿರುವ ಸಾಧ್ಯತೆ ಹೆಚ್ಚು: ಸೆನ್ಸರ್ ಕೆಟ್ಟಿದೆ, ಇಲ್ಲವೇ ಅದರ ಕಪ್ಲರಿನೊಳಗೆ ಬೆಳಗಾವಿಯ ಮಳೆಯ ತೇವ ಸೇರಿ ಪಿನ್ನುಗಳು ಹಸಿರುಗಟ್ಟಿವೆ. ಸ್ಕ್ಯಾನರಿನಲ್ಲಿ ಟೆಂಪರೇಚರ್ ಮೈನಸ್ 40 ಡಿಗ್ರಿಯಂಥ ಅಸಂಬದ್ಧ ಅಂಕಿ ತೋರಿಸಿದರೆ ತಂತಿ ಎಲ್ಲೋ ತುಂಡಾಗಿದೆ ಎಂದೇ ತಿಳಿಯಿರಿ. ಇ.ಸಿ.ಯು.ಗೆ ಎಂಜಿನ್ನಿನ ನಿಜವಾದ ಬಿಸಿ ತಿಳಿಯದಿದ್ದರೆ ಇಂಧನದ ಲೆಕ್ಕವೂ ತಪ್ಪುತ್ತದೆ, ಮೈಲೇಜ್ ಇಳಿಯುತ್ತದೆ.

ಕೀಲಿ ತೆಗೆದ ಮೇಲೂ ಫ್ಯಾನ್ ತಾಸುಗಟ್ಟಲೆ ನಿಲ್ಲದಿದ್ದರೆ ಮಾತ್ರ ಕಥೆ ಬೇರೆ. ಆಗ ರಿಲೇಯನ್ನು ಕಿತ್ತು ನೋಡಿರಿ. ಫ್ಯಾನ್ ನಿಂತಿತೆಂದರೆ ಹೆಚ್ಚಾಗಿ ಅದರ ಕಾಂಟ್ಯಾಕ್ಟುಗಳು ಬೆಸೆದುಕೊಂಡಿವೆ, ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗುತ್ತದೆ. ಬಿ.ಎಸ್. 6 ಡೀಸೆಲ್ ಕಾರಾಗಿದ್ದರೆ ಒಂದು ವಿನಾಯಿತಿ ಇದೆ: ಹೊಗೆಯ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಡುತ್ತಿರುವಾಗ ಕಾರು ನಿಲ್ಲಿಸಿದರೆ ಫ್ಯಾನ್ ಕೆಲವು ನಿಮಿಷ ಜೋರಾಗಿ ಓಡಿ ನಿಲ್ಲುತ್ತದೆ, ಅದು ದೋಷವಲ್ಲ.

ಪ್ರಶ್ನೆ: ನಮ್ಮದು ಹಳೆಯ ಡೀಸೆಲ್ ಜೀಪು. ಹೊಲದ ದಾರಿಯಲ್ಲಿ ಹೇರು ಹೊತ್ತು ನಿಧಾನವಾಗಿ ಬರುವಾಗ ಹೀಟ್ ಆಗುತ್ತದೆ. ಇದರ ಫ್ಯಾನಿಗೆ ತಂತಿಯೇ ಇಲ್ಲವಲ್ಲ, ಏನನ್ನು ಪರೀಕ್ಷಿಸುವುದು?
ಓದುಗರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ತಮ್ಮ ಗಾಡಿಯ ಫ್ಯಾನನ್ನು ಎಂಜಿನ್ನಿನ ಬೆಲ್ಟೇ ತಿರುಗಿಸುತ್ತದೆ. ರೆಕ್ಕೆಗಳ ನಡುವೆ ಹಬ್ಬಿನಂತೆ ಕಾಣುವ ದುಂಡನೆಯ ಭಾಗವಿದ್ದರೆ ಅದು ವಿಸ್ಕಸ್ ಕಪ್ಲಿಂಗ್. ಅದರೊಳಗಿನ ಸಿಲಿಕೋನ್ ಎಣ್ಣೆಯು, ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ, ಫ್ಯಾನನ್ನು ಬಿಗಿಯಾಗಿ ಹಿಡಿದು ವೇಗ ಹೆಚ್ಚಿಸುತ್ತದೆ. ಎಣ್ಣೆ ಸೋರಿಹೋದರೆ ಹಿಡಿತ ತಪ್ಪುತ್ತದೆ. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ರೆಕ್ಕೆಯನ್ನು ಕೈಯಿಂದ ದೂಡಿರಿ: ತುಸು ತಡೆಯೊಂದಿಗೆ ತಿರುಗಿ ಬೇಗನೆ ನಿಂತರೆ ಒಳ್ಳೆಯದು, ಯಾವ ತಡೆಯೂ ಇಲ್ಲದೆ ಗಿರಗಿರನೆ ಹಲವು ಸುತ್ತು ತಿರುಗಿದರೆ ಕಪ್ಲಿಂಗ್ ಹೋಗಿದೆ. ನಡುವಿನಿಂದ ಹೊರಕ್ಕೆ ಎಣ್ಣೆಯ ಗೆರೆಗಳು, ಅವುಗಳ ಮೇಲೆ ಅಂಟಿದ ಧೂಳು ಕಂಡರೂ ಅದೇ ಅರ್ಥ. ಚೆನ್ನಾಗಿ ಬಿಸಿಯಾದಾಗ ಮೊದಲಿನಂತೆ ಭರ್ರೆಂಬ ಸದ್ದು ಬರುವುದಿಲ್ಲವೆಂದು ತಮಗೇ ಅನ್ನಿಸಿರಲೂಬಹುದು. ಓಡುತ್ತಿರುವ ಫ್ಯಾನನ್ನು ಕಾಗದದ ಸುರುಳಿಯಿಂದ ತಡೆದು ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಮಾಡಬೇಡಿ. ಬೆಲ್ಟ್ ಸಡಿಲವಾಗಿದೆಯೇ ಎಂಬುದನ್ನು ಇವೆಲ್ಲಕ್ಕೂ ಮೊದಲು ನೋಡಿರಿ.

ತಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಉಂಟು. ಕಬ್ಬು ಕಡಿಯುವ ಕಾಲದಲ್ಲಿ ರವದಿಯ ಚೂರು, ಜೋಳದ ರಾಶಿಯ ಹೊತ್ತಿನಲ್ಲಿ ಹೊಟ್ಟು ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕಿ ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಎ.ಸಿ. ಇರುವ ಗಾಡಿಗಳಲ್ಲಿ ಅದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿಕೊಳ್ಳುವುದರಿಂದ ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ತಣ್ಣಗಿರುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ವಾಷಿಂಗ್ ಸೆಂಟರಿನ ಪ್ರೆಶರ್ ಪಂಪನ್ನು ಹತ್ತಿರ ಹಿಡಿದರೆ ತೆಳುವಾದ ಫಿನ್ನುಗಳು ಮಡಚಿಕೊಂಡು ಪರಿಸ್ಥಿತಿ ಇನ್ನೂ ಕೆಡುತ್ತದೆ. ರೇಡಿಯೇಟರಿಗೆ ಬೋರಿನ ಸವಳು ನೀರನ್ನು ಸುರಿಯುವ ರೂಢಿಯನ್ನೂ ಬಿಡಬೇಕು. ಅದರ ಸುಣ್ಣ ಒಳಗಿನ ಕೊಳವೆಗಳಿಗೂ ಸೆನ್ಸರಿನ ಮೂತಿಗೂ ಪದರಗಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಸಮಪಾಲಿನಲ್ಲಿ ಬೆರೆಸಿ ಹಾಕಿರಿ. ಸಿದ್ಧ ಮಿಶ್ರಣವನ್ನೇ ಕೊಂಡಿದ್ದರೆ ಮತ್ತೆ ನೀರು ಬೆರೆಸಬೇಡಿ.

ಪ್ರಶ್ನೆ: ಗೋವಾಕ್ಕೆ ಹೋಗಿ ಬರುವಾಗ ಚೋರ್ಲಾ ಘಾಟಿನ ಏರಿನಲ್ಲಿ ಮಾತ್ರ ಕಾರು ಹೀಟ್ ಆಗುತ್ತದೆ. ಊರಲ್ಲಿ ಎಷ್ಟು ನಿಂತರೂ ಆಗುವುದಿಲ್ಲ. ಫ್ಯಾನ್ ಬದಲಿಸಲೇ?
ಓದುಗರು, ಬೆಳಗಾವಿ

ಉತ್ತರ: ಬೇಡ. ಊರ ಸಂಚಾರದಲ್ಲಿ ಫ್ಯಾನ್ ತನ್ನ ಕೆಲಸವನ್ನು ಮಾಡುತ್ತಿದೆ ಎಂದು ತಾವೇ ಬರೆದಿದ್ದೀರಿ. ಎಂಜಿನ್ ಹೆಚ್ಚು ದುಡಿಯುವಾಗ ಮಾತ್ರ ಬಿಸಿ ಏರುವುದಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಅಥವಾ ಮುಚ್ಚಳವು ಒತ್ತಡವನ್ನು ಹಿಡಿಯದಿರಬಹುದು. ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಮುಚ್ಚಳ. ಅದರ ರಬ್ಬರ್ ಬಿರಿದಿದ್ದರೆ ಅಲ್ಲಿಂದಲೇ ಆರಂಭಿಸಿರಿ. ಎಂಜಿನ್ ಓಡುತ್ತಿರುವಾಗ ರಿಸರ್ವ್ ಡಬ್ಬಿಯಲ್ಲಿ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದು ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಅದನ್ನು ತೋರಿಸಿಕೊಳ್ಳುವವರೆಗೆ ಘಾಟಿ ಹತ್ತಬೇಡಿ.